ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಕೈ, ಹೆಗಲು, ನಡಿಗೆ ಮತ್ತೆ ಹದಕ್ಕೆ ಬರಲು

ರೇಡಿಯೇಷನ್‌ಗೆ ಹೋದವರಿಗೆ ಮೊದಲು ಹೇಳುವ ಮಾತು ಇದು: ‘ಮಲಗಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಇಡಿ.’ ಆಪರೇಷನ್ ಆದ ಕಡೆಯ ಕೈಯೇ. ಅದನ್ನು ಆಸರೆಯ ಮೇಲಿಟ್ಟು ಹತ್ತು ಹದಿನೈದು ನಿಮಿಷ ಅಲುಗಾಡದೆ ಮಲಗಬೇಕು. ವಾರಕ್ಕೆ 5 ದಿನ, ಹೆಚ್ಚಿನವರಿಗೆ ಮೂರರಿಂದ ಐದು ವಾರ. ಕೈ ಅಷ್ಟು ಮೇಲೆ ಹೋಗದಿದ್ದರೆ ಅಳತೆ ತೆಗೆಯುವ ದಿನವೇ ತೊಡಕಾಗುತ್ತದೆ. ‘ವ್ಯಾಯಾಮ ಮಾಡ್ಕೊಂಡು ಬನ್ನಿ’ ಅಂತ ವಾಪಸ್ ಕಳಿಸಿದರೆ ಚಿಕಿತ್ಸೆ ಅಷ್ಟು ದಿನ ಹಿಂದೆ ಬೀಳುತ್ತದೆ.

ಯಾಕೆ ಹೀಗಾಗುತ್ತದೆ? ನಮ್ಮ ಮನೆಗಳಲ್ಲಿ ಆಪರೇಷನ್ ಆದವರನ್ನು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ. ‘ಸುಮ್ನೆ ಮಲ್ಕೊಳೇ, ಕೈ ಎತ್ತಬೇಡ, ಹೊಲಿಗೆ ಬಿಟ್ಟೀತು’ ಅಂತ ಅಕ್ಕ ಗದರುತ್ತಾಳೆ. ಅತ್ತೆ ನೀರಿನ ಲೋಟವನ್ನೂ ಬಾಯಿಯ ಹತ್ತಿರ ತಂದು ಹಿಡಿಯುತ್ತಾರೆ. ಮೂರು ವಾರ ಹೊಟ್ಟೆಗೆ ಅವಚಿಟ್ಟ ಕೈ ನಾಲ್ಕನೇ ವಾರ ಜಡೆ ಹಾಕಲೂ ಏಳುವುದಿಲ್ಲ. ಫಿಸಿಯೋಥೆರಪಿ ಕೆಲಸದಲ್ಲಿ ನಾನು ನೋಡುವ ಬಿಗಿದ ಹೆಗಲುಗಳಲ್ಲಿ ಬಹಳಷ್ಟು ಈ ಅತಿ ಜೋಪಾನದಿಂದ ಬಿಗಿದವು. ಹಾಗಾಗಿ ಈ ಲೇಖನವನ್ನು ನಿಮ್ಮ ಅಕ್ಕ, ಅತ್ತೆ, ಗಂಡ ಎಲ್ಲರಿಗೂ ಓದಿಸಿ.

ಮೊದಲು ನಿಮ್ಮ ಆಪರೇಷನ್ ಯಾವುದು ಅಂತ ತಿಳಿದುಕೊಳ್ಳಿ

ಡಿಸ್‌ಚಾರ್ಜ್ ಕಾಗದ ತೆಗೆದು ನೋಡಿ, ಅರ್ಥವಾಗದಿದ್ದರೆ ಡಾಕ್ಟರನ್ನು ಕೇಳಿ. ಗಂಟು ಮಾತ್ರ ತೆಗೆದಿದ್ದಾರಾ, ಪೂರ್ತಿ ಸ್ತನ ತೆಗೆದಿದ್ದಾರಾ? ಕಂಕುಳಿನ ಗ್ರಂಥಿಗಳಲ್ಲಿ ಒಂದೆರಡು ತೆಗೆದು ಪರೀಕ್ಷೆಗೆ ಕಳಿಸಿದ್ದಾ, ಇಲ್ಲ ಕಂಕುಳನ್ನೇ ಶುಚಿ ಮಾಡಿದ್ದಾ, ಅಂದರೆ ಅಲ್ಲಿನ ಗ್ರಂಥಿಗಳನ್ನೆಲ್ಲ ತೆಗೆದದ್ದಾ? ಹೊಟ್ಟೆ ಅಥವಾ ಬೆನ್ನಿನ ಮಾಂಸ ತಂದು ಸ್ತನವನ್ನು ಮತ್ತೆ ಕಟ್ಟಿದ್ದಾರಾ?

ಕೊನೆಯ ಪ್ರಶ್ನೆಗೆ ಹೌದು ಅನ್ನುವವರು ಕೆಳಗಿನ ವಾರಗಳ ಲೆಕ್ಕವನ್ನು ಹಾಗೇ ಹಿಡಿಯಬೇಡಿ. ನಿಮ್ಮ ಪ್ಲಾಸ್ಟಿಕ್ ಸರ್ಜನ್ ಹೇಳಿದ ದಿನವೇ ಲೆಕ್ಕ, ಅದು ಸಾಮಾನ್ಯವಾಗಿ ಇನ್ನೂ ನಿಧಾನ. ಕಂಕುಳು ಪೂರ್ತಿ ಶುಚಿಯಾದವರಿಗೆ ಹೆಗಲು ಬಿಗಿಯುವುದೂ ಕೈ ಊದುವುದೂ ಜಾಸ್ತಿ. ಅವರು ಈ ವ್ಯಾಯಾಮಗಳನ್ನು ತಪ್ಪಿಸಲೇಬಾರದು.

ಡ್ರೈನ್ ಇರುವ ದಿನಗಳು

ಎದೆಯ ಪಕ್ಕದಿಂದ ಒಂದು ನಳಿಗೆ, ಅದರ ತುದಿಗೆ ಡಬ್ಬಿ. ಇದಕ್ಕೆ ಹೆದರಿಯೇ ಅರ್ಧ ಜನ ಮಂಚ ಬಿಟ್ಟು ಏಳುವುದಿಲ್ಲ. ಒಂದು ಬಟ್ಟೆ ಚೀಲ ಹೊಲಿಸಿ, ಡಬ್ಬಿಯನ್ನು ಅದರಲ್ಲಿಟ್ಟು ಕೊರಳಿಗೆ ಅಡ್ಡ ಹಾಕಿಕೊಳ್ಳಿ. ಮರುದಿನದಿಂದಲೇ ಹಜಾರದಲ್ಲಿ ಓಡಾಡಬಹುದು. ಮುಂದೆ ಗುಂಡಿ ಇರುವ ನೈಟಿ ಹಾಕಿ. ತಲೆಯ ಮೇಲಿಂದ ಹಾಕುವ ಬಟ್ಟೆ ಈಗ ಬೇಡ. ಬಟ್ಟೆ ಹಾಕುವಾಗ ಆಪರೇಷನ್ ಆದ ಕೈ ಮೊದಲು ತೋಳಿಗೆ ಹೋಗಲಿ, ಬಿಚ್ಚುವಾಗ ಕೊನೆಗೆ ಬರಲಿ.

ದಿನಕ್ಕೆ ಎಷ್ಟು ಎಂ.ಎಲ್. ಬಂತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಎರಡು ದಿನ ಸತತ 30 ಎಂ.ಎಲ್.ಗಿಂತ ಕಡಿಮೆ ಬಂದಾಗ ಸಾಮಾನ್ಯವಾಗಿ ತೆಗೆಯುತ್ತಾರೆ. ಹೆಚ್ಚಿನವರಿಗೆ ಅದು ಒಂದರಿಂದ ಎರಡು ವಾರದೊಳಗೆ.

ಅಲ್ಲಿಯವರೆಗೆ ನಿಯಮ ಒಂದೇ: ಮೊಣಕೈ ಹೆಗಲಿನ ಮಟ್ಟ ದಾಟಬಾರದು. ಅದರ ಕೆಳಗೆ ಎಲ್ಲವೂ ಮಾಡಬಹುದು, ಮಾಡಲೇಬೇಕು. ತಟ್ಟೆಯಿಂದ ಊಟ, ಹಲ್ಲುಜ್ಜುವುದು, ಮುಖ ತೊಳೆಯುವುದು ಆ ಕೈಯಿಂದಲೇ ಆಗಲಿ.

ಇದರ ಜೊತೆಗೆ ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ ಹೀಗೆ ಮಾಡಿ. ಕೈಯನ್ನು ಎರಡು ದಿಂಬಿನ ಮೇಲೆ, ಎದೆಗಿಂತ ತುಸು ಎತ್ತರದಲ್ಲಿಟ್ಟು ಮುಷ್ಟಿ ಬಿಗಿದು ಬಿಡಿ, 15ರಿಂದ 20 ಸಲ. ಸುತ್ತಿದ ಕಾಲುಚೀಲವನ್ನು ಹಿಂಡಿದರೂ ಆಯಿತು. ಆಮೇಲೆ ಮೊಣಕೈ ಮಡಚಿ ಬಿಡಿಸಿ. ಎದ್ದು ಕೂತು ಎರಡೂ ಹೆಗಲನ್ನು ಮೇಲೆ, ಹಿಂದೆ, ಕೆಳಗೆ ಅಂತ ಚಕ್ರದ ಹಾಗೆ ತಿರುಗಿಸಿ. ಬೆನ್ನಿನ ಎರಡು ರೆಕ್ಕೆ ಮೂಳೆಗಳನ್ನು ಹತ್ತಿರ ತಂದು 5 ಎಣಿಸಿ ಬಿಡಿ. ಪ್ರತಿ ಸಲವೂ ಐದಾರು ದೀರ್ಘ ಉಸಿರು. ಅನಸ್ತೇಷಿಯಾ ಆದ ಶ್ವಾಸಕೋಶಕ್ಕೆ ಈ ಉಸಿರೇ ಮದ್ದು.

ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಬಂದವರಿಗೆ ಊರಿಗೆ ವಾಪಸ್ ಹೋಗುವುದೇ ಒಂದು ದೊಡ್ಡ ಕೆಲಸ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲಬೇಡಿ. ಕೂತಾಗ ಆ ಕೈ ಕೆಳಗೆ ಒಂದು ಸಣ್ಣ ದಿಂಬು ಇರಲಿ, ದಾರಿಯುದ್ದಕ್ಕೂ ಆಗಾಗ ಮುಷ್ಟಿ ಬಿಗಿದು ಬಿಡುತ್ತಿರಿ. ಕಾರಿನಲ್ಲಾದರೆ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ಮಡಿಸಿದ ಟವೆಲ್. ಬೆಲ್ಟ್ ಹಾಕದೇ ಕೂರಬೇಡಿ.

ಡ್ರೈನ್ ತೆಗೆದ ಮೇಲೆ: ನಿಜವಾದ ಕೆಲಸ ಈಗ

ಬ್ರಿಟನ್ನಿನಲ್ಲಿ 392 ಮಹಿಳೆಯರನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎಲ್ಲರೂ ಹೆಗಲಿನ ತೊಂದರೆ ಬರುವ ಸಾಧ್ಯತೆ ಹೆಚ್ಚಿದ್ದವರು. ಆಪರೇಷನ್ ಆಗಿ 7ರಿಂದ 10 ದಿನಕ್ಕೆ ಕ್ರಮಬದ್ಧ ವ್ಯಾಯಾಮ ಶುರು ಮಾಡಿದವರ ಕೈ, ಬರೀ ಸಲಹೆಯ ಕಾಗದ ಪಡೆದವರ ಕೈಗಿಂತ ವರ್ಷದ ಕೊನೆಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಯಕ್ಕೂ ಅದರಿಂದ ತೊಂದರೆ ಆಗಲಿಲ್ಲ. ‘ಹೊಲಿಗೆ ಬಿಟ್ಟೀತು’ ಅನ್ನುವ ಅಕ್ಕನಿಗೆ ಇದನ್ನು ಹೇಳಿ.

ಡಾಕ್ಟರ್ ಹೂಂ ಅಂದ ಮೇಲೆ ಈ ನಾಲ್ಕು. ದಿನಕ್ಕೆ ಎರಡು ಸಲ, ಒಂದೊಂದನ್ನೂ ಐದರಿಂದ ಏಳು ಬಾರಿ.

ಕೋಲು ಎತ್ತುವುದು. ನೆಲದ ಮೇಲೆ ಚಾಪೆ ಹಾಸಿ, ಮಂಡಿ ಮಡಚಿ ಅಂಗಾತ ಮಲಗಿ. ನೆಲ ಒರೆಸುವ ಕೋಲನ್ನೋ ಉದ್ದನೆಯ ಛತ್ರಿಯನ್ನೋ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಚೆನ್ನಾಗಿರುವ ಕೈ ಮುಂದಾಳು, ಇನ್ನೊಂದು ಅದರ ಹಿಂದೆ ಬರಲಿ. ತೋಳು ನೇರ ಇಟ್ಟು ನಿಧಾನಕ್ಕೆ ತಲೆಯ ಮೇಲಕ್ಕೆ ಒಯ್ಯಿರಿ. ಎಳೆತ ಗೊತ್ತಾದ ಜಾಗದಲ್ಲಿ ನಿಂತು 5 ಎಣಿಸಿ, ಇಳಿಸಿ.

ಮೊಣಕೈ ಬಿಚ್ಚುವುದು. ಹಾಗೇ ಮಲಗಿದ್ದುಕೊಂಡು ಬೆರಳು ಹೆಣೆದು ಕತ್ತಿನ ಹಿಂದೆ ಇಡಿ. ಅಲ್ಲಿಗೆ ಹೋಗದಿದ್ದರೆ ಹಣೆಯ ಮೇಲೆ ಸಾಕು. ಮೊಣಕೈಗಳು ಮೊದಲು ಸೂರು ನೋಡಲಿ, ಆಮೇಲೆ ಪಕ್ಕಕ್ಕೆ, ನೆಲದ ಕಡೆಗೆ ಬಿಚ್ಚಿಕೊಳ್ಳಲಿ. ರೇಡಿಯೇಷನ್ ಮೇಜಿನ ಮೇಲೆ ಬೇಕಾಗುವುದು ಹೆಚ್ಚುಕಡಿಮೆ ಇದೇ ಭಂಗಿ. ನಾಲ್ಕರಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ.

ಗೋಡೆ ಹತ್ತುವುದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ನಡೆಸಿ. ಸಾಕಾದಲ್ಲಿ ನಿಲ್ಲಿ, ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಕ್ಯಾಲೆಂಡರ್ ಪಕ್ಕದ ಗೋಡೆ ಆದರೆ ಒಳ್ಳೆಯದು, ಮನೆಯವರ ಕಣ್ಣಿಗೂ ಬೀಳುತ್ತದೆ. ಒಂದು ಮೋಸ ನಡೆಯುತ್ತದೆ ಇಲ್ಲಿ: ಕೈ ಏರದಿದ್ದಾಗ ಹೆಗಲನ್ನೇ ಕಿವಿಯ ಹತ್ತಿರ ಎತ್ತಿ, ಸೊಂಟ ಓರೆ ಮಾಡಿ ಗೆರೆ ಮುಟ್ಟುತ್ತೇವೆ. ಹೆಗಲು ಕೆಳಗೇ ಇರಲಿ, ಗೆರೆ ಒಂದು ಇಂಚು ಕೆಳಗಿದ್ದರೂ ಪರವಾಗಿಲ್ಲ. ಕೆಲವು ದಿನ ಆದ ಮೇಲೆ ಗೋಡೆಗೆ ಪಕ್ಕ ಕೊಟ್ಟು ನಿಂತು ಇದನ್ನೇ ಮಾಡಿ. ಇದು ಕಷ್ಟ, ನಿಧಾನವಾಗಿ ಬರುತ್ತದೆ.

ಬೆನ್ನ ಹಿಂದೆ ಕೈ. ಸೊಂಟದ ಹಿಂದೆ ಎರಡೂ ಕೈ ಕಟ್ಟಿ, ಬೆನ್ನಿಗೆ ತಾಗಿಸಿಕೊಂಡೇ ಮೇಲಕ್ಕೆ ಜಾರಿಸಿ. ಸೀರೆ ಹಿಂದಕ್ಕೆ ಸಿಕ್ಕಿಸಿಕೊಳ್ಳಲು, ಬ್ರಾ ಕೊಕ್ಕೆ ಹಾಕಲು ಬೇಕಾದ ಚಲನೆ ಇದು.

ಎಷ್ಟು ನೋವು ಸರಿ? ಎಳೆದ ಹಾಗೆ ಆಗುವುದು ಸರಿ. ಚುಚ್ಚಿದ ಹಾಗೆ ಆದರೆ ಅಲ್ಲಿಗೆ ನಿಲ್ಲಿಸಿ. ಮುಗಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಇಳಿಯುವ ನೋವಿಗೆ ತಲೆ ಕೆಡಿಸಿಕೊಳ್ಳಬೇಡಿ. ಮಾರನೇ ದಿನವೂ ಇದ್ದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ. ಡಾಕ್ಟರ್ ನೋವಿನ ಮಾತ್ರೆ ಕೊಟ್ಟಿದ್ದರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ. ನೋವು ಸಹಿಸಿಕೊಂಡು ಮಾಡುವುದರಲ್ಲಿ ಯಾವ ಪುಣ್ಯವೂ ಇಲ್ಲ.

ರಟ್ಟೆಯ ಒಳಭಾಗ ಮರಗಟ್ಟಿದ ಹಾಗೆ, ಜುಮುಜುಮು ಅಂದ ಹಾಗೆ ಇರುವುದು ಬಹಳ ಜನರಿಗೆ. ಕಂಕುಳಿನಲ್ಲಿ ಹಾದುಹೋಗುವ ಒಂದು ನರ ಆಪರೇಷನ್ನಿನಲ್ಲಿ ತುಂಡಾಗುವುದೋ ಎಳೆಯಲ್ಪಡುವುದೋ ಉಂಟು. ಕೈಯ ಶಕ್ತಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಆ ಜಾಗಕ್ಕೆ ಬಿಸಿ ತಿಳಿಯುವುದಿಲ್ಲ, ಹಾಗಾಗಿ ಬಿಸಿನೀರಿನ ಚೀಲ ಬೇಡ.

ಡ್ರೈನ್ ತೆಗೆದ ಮೇಲೆ ಕಂಕುಳಲ್ಲಿ ಮೆತ್ತಗೆ ನೀರು ತುಂಬಿದ ಹಾಗೆ ಊದಿದರೆ ಡಾಕ್ಟರಿಗೆ ತೋರಿಸಿ. ಬೇಕಾದರೆ ಸೂಜಿಯಿಂದ ತೆಗೆಯುತ್ತಾರೆ. ಗಾಯ ಪೂರ್ತಿ ಮುಚ್ಚಿ, ಹೊಪ್ಪಳೆ ಉದುರಿದ ಮೇಲೆ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಸವರಿ ಕಲೆಯ ಮೇಲೆ ಸಣ್ಣ ಸುತ್ತು ಹಾಕುತ್ತಾ ಐದು ನಿಮಿಷ ಉಜ್ಜಿ. ಒಳಗಿನ ಅಂಟು ಬಿಡುತ್ತಾ ಬರುತ್ತದೆ. ಮುಟ್ಟಲು, ನೋಡಲು ಮನಸ್ಸಾಗದಿದ್ದರೆ ಮೊದಮೊದಲು ಬಟ್ಟೆಯ ಮೇಲಿಂದಲೇ ಮಾಡಿ.

ಆರರಿಂದ ಎಂಟು ವಾರದಲ್ಲಿ ಎರಡೂ ಕೈ ಸುಮಾರಾಗಿ ಒಂದೇ ಎತ್ತರಕ್ಕೆ ಹೋಗಬೇಕು. ಹೋಗದಿದ್ದರೆ ಕಾಯಬೇಡಿ, ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ.

ಚರ್ಮದ ಕೆಳಗೆ ದಾರ ಕಂಡರೆ

ಎರಡು ಮೂರು ವಾರ ಚೆನ್ನಾಗಿಯೇ ಏರುತ್ತಿದ್ದ ಕೈ ಇದ್ದಕ್ಕಿದ್ದ ಹಾಗೆ ಹಿಡಿದುಕೊಳ್ಳುತ್ತದೆ. ಕನ್ನಡಿ ಮುಂದೆ ಕೈ ಚಾಚಿದರೆ ಕಂಕುಳಿನಿಂದ ಮೊಣಕೈವರೆಗೆ, ಕೆಲವರಿಗೆ ಮಣಿಕಟ್ಟಿನವರೆಗೂ, ತಂತಿ ಎಳೆದ ಹಾಗೆ ಒಂದೆರಡು ಎಳೆ ಕಾಣುತ್ತವೆ. ಕ್ಯಾನ್ಸರ್ ಹಬ್ಬಿತು ಅಂತ ಅಂದುಕೊಂಡು ರಾತ್ರಿಯಿಡೀ ಅತ್ತು ಬರುವವರಿದ್ದಾರೆ. ಇದು ಕ್ಯಾನ್ಸರ್ ಅಲ್ಲ. ಕಂಕುಳಿನ ಗ್ರಂಥಿ ತೆಗೆದವರಲ್ಲಿ ಹೀಗಾಗುವುದು ಅಪರೂಪವೇನಲ್ಲ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಹೋಗುತ್ತದೆ. ಬೇಗ ಹೋಗಬೇಕಾದರೆ ಕೈ ಅವಚಿಡದೆ ಮೆಲ್ಲಗೆ ಚಾಚುತ್ತಿರಬೇಕು. ಫಿಸಿಯೋಥೆರಪಿಸ್ಟ್ ಕೈಯಿಂದ ಆ ಎಳೆಗಳನ್ನು ಸಡಿಲಿಸುವುದನ್ನು ಒಂದೆರಡು ಸಲ ನೋಡಿ ಕಲಿತರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಒತ್ತಿ ತುಂಡು ಮಾಡಲು ಮಾತ್ರ ಹೋಗಬೇಡಿ.

ಕೈ ಊತದ ಭಯ, ಮತ್ತು ಭಾರ ಎತ್ತುವ ಪ್ರಶ್ನೆ

ಕಂಕುಳಿನ ಗ್ರಂಥಿಗಳು ಕೈಯಿಂದ ವಾಪಸ್ ಬರುವ ದುಗ್ಧರಸದ (ಲಿಂಫ್ ಎಂಬ ತಿಳಿ ದ್ರವದ) ದಾರಿ. ಗ್ರಂಥಿ ತೆಗೆದಾಗ, ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ದಾರಿ ಕಿರಿದಾಗುತ್ತದೆ. ರಸ ನಿಂತರೆ ಕೈ ಊದುತ್ತದೆ. ಇದೇ ಲಿಂಫೆಡಿಮಾ. ಕಂಕುಳು ಪೂರ್ತಿ ಶುಚಿಯಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದವರಲ್ಲಿ ಅದಕ್ಕಿಂತ ಬಹಳ ಕಡಿಮೆ.

ಹಿಂದೆ ಡಾಕ್ಟರುಗಳೇ ‘ಆ ಕೈಯಲ್ಲಿ ಜನ್ಮದಲ್ಲಿ ಭಾರ ಎತ್ತಬೇಡಿ’ ಅನ್ನುತ್ತಿದ್ದರು. ಕೆಲವರು ಇವತ್ತಿಗೂ ಅನ್ನುತ್ತಾರೆ. ಕೆನಡಾದ ವ್ಯಾಂಕೂವರ್‌ನಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾ ವೈದ್ಯರು 1996ರಲ್ಲಿ ಇದನ್ನು ಪರೀಕ್ಷಿಸಿಯೇ ನೋಡೋಣ ಅಂತ ಹೊರಟರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 24 ಮಹಿಳೆಯರಿಗೆ ಜಿಮ್ಮಿನಲ್ಲಿ ತಯಾರಿ ಕೊಡಿಸಿ, ಡ್ರ್ಯಾಗನ್ ದೋಣಿಯಲ್ಲಿ (ಹಲವರು ಸೇರಿ ಹುಟ್ಟು ಹಾಕುವ ಉದ್ದನೆಯ ದೋಣಿ) ಕೂರಿಸಿ ಹುಟ್ಟು ಹಾಕಿಸಿದರು. ತೋಳಿಗೆ ಅದು ಬಹಳ ಕಷ್ಟದ ಕೆಲಸ. ಆ ಋತು ಮುಗಿದಾಗ ಹೊಸದಾಗಿ ಒಬ್ಬರ ಕೈಯೂ ಊದಿರಲಿಲ್ಲ. ಈಗ ಜಗತ್ತಿನಲ್ಲಿ ಅಂಥ ನೂರಾರು ತಂಡಗಳಿವೆ.

24 ಜನ ಅಂದರೆ ಸಣ್ಣ ಗುಂಪು, ಅಲ್ವಾ? ಅಮೆರಿಕದ ಕ್ಯಾಥರಿನ್ ಷ್ಮಿಟ್ಜ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಗಟ್ಟಿ. ಅದರಲ್ಲಿದ್ದ 141 ಮಹಿಳೆಯರಿಗೆ ಆಗಲೇ ಲಿಂಫೆಡಿಮಾ ಇತ್ತು. ಅರ್ಧ ಜನ ವಾರಕ್ಕೆ ಎರಡು ಸಲ ಭಾರ ಎತ್ತಿದರು. ಒಂದು ವರ್ಷದ ನಂತರ ಅವರ ಊತ ಹೆಚ್ಚಿರಲಿಲ್ಲ. ಊತ ಕೆರಳುವ ಪ್ರಸಂಗಗಳು ಭಾರ ಎತ್ತದವರಿಗಿಂತ ಕಡಿಮೆಯೇ ಇದ್ದವು. ಆದರೆ ಅವರು ತೀರಾ ಕಡಿಮೆ ಭಾರದಿಂದ ಶುರು ಮಾಡಿ, ತರಬೇತಿ ಪಡೆದವರ ಕಣ್ಣೆದುರು ಕಲಿತು, ಒತ್ತಡದ ತೋಳುಚೀಲ (ಕೈಯನ್ನು ಬಿಗಿಯಾಗಿ ಹಿಡಿಯುವ ಕಂಪ್ರೆಷನ್ ಸ್ಲೀವ್) ಹಾಕಿಕೊಂಡು ನಿಧಾನವಾಗಿ ಏರಿಸಿದ್ದರು. ಈ ಮಾತು ಬಿಟ್ಟು ‘ಭಾರ ಎತ್ತಬಹುದಂತೆ’ ಅನ್ನುವುದಷ್ಟನ್ನೇ ಹಿಡಿದುಕೊಂಡರೆ ಕಷ್ಟ.

ನಮ್ಮ ಮನೆ ಲೆಕ್ಕಕ್ಕೆ ತಂದರೆ ಹೀಗೆ. ಮೊದಲ ಆರು ವಾರ ಎರಡು ಮೂರು ಕೆ.ಜಿ. ದಾಟಬೇಡಿ. ತುಂಬಿದ ಕೊಡ, 20 ಲೀಟರ್ ನೀರಿನ ಕ್ಯಾನ್, 30 ಕೆ.ಜಿ. ಹತ್ತಿರ ತೂಗುವ ತುಂಬಿದ ಗ್ಯಾಸ್ ಸಿಲಿಂಡರ್ ಇವನ್ನೆಲ್ಲ ಬೇರೆಯವರಿಗೆ ಬಿಡಿ. ಆಮೇಲೆ ಡಾಕ್ಟರ್ ಒಪ್ಪಿದರೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಶುರು ಮಾಡಿ. ಮೊಣಕೈ ಮಡಚಿ ಎತ್ತುವುದು, ಪಕ್ಕಕ್ಕೆ ಎತ್ತುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಹತ್ತು ಹತ್ತರ ಎರಡು ಸುತ್ತು, ವಾರಕ್ಕೆ ಎರಡು ದಿನ, ನಡುವೆ ಬಿಡುವು. ಎರಡು ಮೂರು ಸಲ ಸಲೀಸಾಗಿ ಆದ ಮೇಲಷ್ಟೇ ಭಾರ ಏರಿಸಿ. ಎರಡು ವಾರ ಬಿಟ್ಟಿದ್ದರೆ ಮತ್ತೆ ಕೆಳಗಿನಿಂದ ಬನ್ನಿ. ಕೈಗೆ ತೊಂದರೆ ಕೊಡುವುದು ಬಹಳ ಸಲ ಒಂದೇ ದಿನದ ಹುರುಪು: ಹಬ್ಬಕ್ಕೆ ಅಂತ ಬೆಳಗಿನಿಂದ ಹೋಳಿಗೆ ತಟ್ಟಿ, ಸಂಜೆ ಬೆಡ್‌ಶೀಟ್ ಒಗೆದು ಹಿಂಡುವುದು.

ತಿಂಗಳಿಗೊಮ್ಮೆ ಟೇಪ್ ಹಿಡಿದು ಎರಡೂ ಕೈ ಅಳೆಯಿರಿ. ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ಬಲಗೈ ಮೊದಲಿನಿಂದಲೂ ತುಸು ದಪ್ಪವೇ ಇರಬಹುದು, ಆದ್ದರಿಂದ ಮೊದಲ ಅಳತೆಯನ್ನು ಆಪರೇಷನ್‌ಗೆ ಮುಂಚೆಯೇ ತೆಗೆದಿಟ್ಟರೆ ಲೆಕ್ಕ ಸಲೀಸು. ವ್ಯತ್ಯಾಸ 2 ಸೆಂ.ಮೀ. ಬೆಳೆದರೆ ಅಥವಾ ಬಳೆ, ಉಂಗುರ, ರವಿಕೆಯ ತೋಳು ಬಿಗಿ ಅನ್ನಿಸಿದರೆ, ಕೈ ಭಾರ ಭಾರ ಅನ್ನಿಸಿದರೆ ತೋರಿಸಿ. ಶುರುವಿನಲ್ಲೇ ಹಿಡಿದರೆ ಹತೋಟಿಗೆ ಬರುತ್ತದೆ. ಒತ್ತಡದ ತೋಳುಚೀಲವನ್ನು ಅಳತೆ ಕೊಟ್ಟೇ ತಗೊಳ್ಳಿ. ಅಳತೆ ತಪ್ಪಿದ್ದು ಹಾಕಿದರೆ ಇನ್ನೂ ಕೆಡುತ್ತದೆ.

ಸುಟ್ಟ ಗಾಯ, ಕೊಯ್ತ, ಮುಳ್ಳು ಇವು ಆ ಕೈಗೆ ಆಗದ ಹಾಗೆ ನೋಡಿಕೊಳ್ಳಿ. ಒಗ್ಗರಣೆ ಹಾಕುವಾಗ ಉದ್ದ ಸೌಟು, ತೋಟದ ಕೆಲಸಕ್ಕೆ ಗ್ಲೌಸ್. ಸೋಂಕು ತಗುಲಿದರೆ ಊತ ಅಲ್ಲಿಂದ ಶುರುವಾಗಬಹುದು.

ಕೀಮೋ, ರೇಡಿಯೇಷನ್ ದಿನಗಳಲ್ಲಿ

ಕೀಮೋ ಸುಸ್ತು ನಿದ್ದೆಯಿಂದ ಹೋಗುವುದಿಲ್ಲ. ವಿಚಿತ್ರ ಅನ್ನಿಸಿದರೂ ಇದಕ್ಕೆ ಚೆನ್ನಾಗಿ ಕೆಲಸ ಮಾಡುವುದು ನಡಿಗೆ. ಕೀಮೋ ಹಾಕಿಸಿಕೊಂಡ ಮೊದಲ ಮೂರು ನಾಲ್ಕು ದಿನ ಮನೆಯೊಳಗೆ ಐದೈದು ನಿಮಿಷ ಸಾಕು. ಚೇತರಿಸಿಕೊಂಡ ಮೇಲೆ ಹತ್ತು, ಹದಿನೈದು, ಇಪ್ಪತ್ತು ನಿಮಿಷ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಬಿಳಿ ರಕ್ತಕಣ ಕಡಿಮೆ ಇರುವ ದಿನಗಳಲ್ಲಿ ಜಿಮ್, ಜನ ಸೇರುವ ಪಾರ್ಕು ಬೇಡ, ತಾರಸಿ ಸಾಕು. ಕಾಲು ಜುಮುಗುಟ್ಟುವವರು ಚಪ್ಪಲಿ ಬಿಟ್ಟು ಹಿಂಬದಿ ಕಟ್ಟಿದ ಶೂ ಹಾಕಿ, ಬೀಳುವ ಭಯ ಇರುತ್ತದೆ.

ಕೆಂಪು ಬಣ್ಣದ ಕೀಮೋ ಅಥವಾ ಟ್ರಾಸ್ಟುಜುಮ್ಯಾಬ್ ಪಡೆದವರು ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ತಪ್ಪಿಸಬೇಡಿ. ಎರಡೂ ಹೃದಯದ ಮೇಲೆ ಪರಿಣಾಮ ಬೀರಬಲ್ಲವು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಸುಸ್ತು ಅಂತ ತಳ್ಳಿಹಾಕಬೇಡಿ.

ರೇಡಿಯೇಷನ್ ಮುಗಿದ ಮೇಲೆ ಬಹಳ ಜನ ವ್ಯಾಯಾಮ ನಿಲ್ಲಿಸುತ್ತಾರೆ. ಎದೆಯ ಚರ್ಮ, ಸ್ನಾಯು ಬಿಗಿಯುವುದು ಆಮೇಲೂ ತಿಂಗಳುಗಟ್ಟಲೆ ನಡೆಯುತ್ತಲೇ ಇರುತ್ತದೆ. ಕೋಲು ಮತ್ತು ಮೊಣಕೈ ಬಿಚ್ಚುವ ವ್ಯಾಯಾಮ ಎರಡನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ. ಚರ್ಮ ಸುಲಿದಿದ್ದರೆ ಅದು ಮಾಯುವವರೆಗೆ ಎಣ್ಣೆ, ಮಸಾಜು, ಈಜು ಬೇಡ.

ವರ್ಷ ಕಳೆಯುವ ಹೊತ್ತಿಗೆ

ಗುರಿ ಇಷ್ಟು: ವಾರಕ್ಕೆ ಒಟ್ಟು 150 ನಿಮಿಷ ಚುರುಕು ನಡಿಗೆ, ಎರಡು ದಿನ ಭಾರದ ವ್ಯಾಯಾಮ. ಅಲ್ಲಿಗೆ ತಲುಪುವವರೆಗೆ ಅರ್ಧ ಗಂಟೆಯ ನಡಿಗೆ ವಾರಕ್ಕೆ ಮೂರು ಸಲ ಆದರೂ ಸುಸ್ತು, ಬೇಸರ, ಆತಂಕ ಕಡಿಮೆಯಾಗುತ್ತವೆ. ಸೂರ್ಯ ನಮಸ್ಕಾರ ಮಾಡುತ್ತಿದ್ದವರು ಮೊದಲು ಗೋಡೆಗೆ ಕೈ ಕೊಟ್ಟು, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ ಬನ್ನಿ.

ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ನುಂಗುವವರಲ್ಲಿ ಹಲವರಿಗೆ ಬೆಳಿಗ್ಗೆ ಏಳುವಾಗ ಬೆರಳು, ಮಂಡಿ ಹಿಡಿದುಕೊಳ್ಳುತ್ತವೆ. ಈ ನೋವಿಗೆ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ, ವ್ಯಾಯಾಮದಿಂದ ಈ ಕೀಲು ನೋವು ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಈ ಮಾತ್ರೆಗಳು ಮೂಳೆಯನ್ನೂ ಸವೆಸುತ್ತವೆ, ಹಾಗಾಗಿ ಮೂಳೆ ಸಾಂದ್ರತೆಯ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಕ್ಯಾನ್ಸರ್ ಮೂಳೆಗೆ ಹಬ್ಬಿದೆ ಅಂತ ಹೇಳಿದ್ದರೆ ಮಾತ್ರ ಇಲ್ಲಿರುವ ಭಾರದ ವ್ಯಾಯಾಮ ಯಾವುದನ್ನೂ ನೀವೇ ಶುರು ಮಾಡಬೇಡಿ.

ಒಂದು ಕಡೆ ಸ್ತನ ಇಲ್ಲದವರು ಗೊತ್ತಿಲ್ಲದೆ ಆ ಕಡೆಗೆ ಕುಗ್ಗಿ, ಸೆರಗು ಎಳೆದುಕೊಂಡು ನಡೆಯುತ್ತಾರೆ. ಕತ್ತು ನೋವು ಅಲ್ಲಿಂದ ಬರುತ್ತದೆ. ಗಾಯ ಮಾಗಿದ ಮೇಲೆ ತೂಕವಿರುವ ಕೃತಕ ಸ್ತನ ಹಾಕಿದರೆ ಬೆನ್ನು ನೇರ ಇಟ್ಟುಕೊಳ್ಳುವುದು ಸುಲಭ. ಬೇಡ ಅನ್ನಿಸಿದರೆ ಬೇಡ, ಆದರೆ ದಿನಕ್ಕೊಮ್ಮೆ ಕನ್ನಡಿಯಲ್ಲಿ ಎರಡೂ ಹೆಗಲು ಸಮ ಇವೆಯಾ ಅಂತ ನೋಡಿಕೊಳ್ಳಿ.

ವ್ಯಾಯಾಮ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕಾದದ್ದು

ಕೈ ಅಥವಾ ಎದೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು. ಆಂಟಿಬಯಾಟಿಕ್ ಅವತ್ತೇ ಶುರುವಾಗಬೇಕು. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅದರಲ್ಲೂ ಟಾಮೋಕ್ಸಿಫೆನ್ (ಇದೂ ಹಾರ್ಮೋನ್ ಚಿಕಿತ್ಸೆಯ ಮಾತ್ರೆ) ತಗೊಳ್ಳುವವರಿಗೆ, ರಕ್ತ ಹೆಪ್ಪುಗಟ್ಟಿರಬಹುದು. ಎದೆ ನೋವು, ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ಕಿಕೊಳ್ಳುವುದು ಇದ್ದರೆ ಫೋನ್ ಬೇಡ, ನೇರ ತುರ್ತು ವಿಭಾಗ. ಬೆನ್ನು, ಸೊಂಟ, ಪಕ್ಕೆಯಲ್ಲಿ ರಾತ್ರಿ ಮಲಗಿದರೂ ಬಿಡದ ಹೊಸ ನೋವು ಎರಡು ವಾರ ಇದ್ದರೆ ‘ವ್ಯಾಯಾಮ ಜಾಸ್ತಿಯಾಯ್ತೇನೋ’ ಅಂದುಕೊಳ್ಳದೆ ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ಮುಂದಿನ ತಪಾಸಣೆಗೆ ಹೋಗುವಾಗ ಕೈ ಅಳತೆಯ ಹಾಳೆಯನ್ನೂ ಫೈಲಿನಲ್ಲಿಟ್ಟುಕೊಂಡು ಹೋಗಿ.